ಈ ವಂಶಾವಳಿಯನ್ನು ಯಾರಿಗೆ ತೋರಿಸಲು ಬರೆದರು?

ಪುಣೆಯ ಸದಾಶಿವ ಪೇಠೆ, ನಾರಾಯಣ ಪೇಠೆಗಳ ಹಳೆಯ ಮನೆಗಳಲ್ಲಿ ಒಂದು ದಪ್ಪ ಪುಸ್ತಕ ಕಾಣಸಿಗುತ್ತದೆ. ಅದಕ್ಕೆ ಕುಲವೃತ್ತಾಂತ ಎನ್ನುತ್ತಾರೆ. ಒಂದು ಅಡ್ಡಹೆಸರಿನವರೆಲ್ಲ ಸೇರಿ, ವಂತಿಗೆ ಎತ್ತಿ, ಊರೂರಿಗೆ ಪತ್ರ ಬರೆದು ಅಚ್ಚು ಹಾಕಿಸಿದ ತಮ್ಮದೇ ವಂಶದ ಗ್ರಂಥ ಅದು. ಕೊಂಕಣಸ್ಥ ಮನೆತನಗಳಲ್ಲಿ ಈ ಹುಚ್ಚು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಇದೆ. ಮೊದಲು ಗೋತ್ರ, ಕುಲದೇವತೆ, ಕೊಂಕಣದ ಮೂಲ ಗ್ರಾಮ. ಆಮೇಲೆ ತಲೆಮಾರಿನ ಲೆಕ್ಕದಲ್ಲಿ ಹೆಸರುಗಳ ಸಾಲು. ಪ್ರತಿಯೊಬ್ಬರ ಓದು, ನೌಕರಿ, ಊರು, ಹೆಂಡತಿಯ ತವರು. ಹೊರಗಿನವರ ಕಣ್ಣಿಗೆ ಇದು ಟೆಲಿಫೋನ್ ಡೈರೆಕ್ಟರಿ. ಪುಣೇಕರರು ಮಾತ್ರ ಕಾದಂಬರಿ ಓದುವ ಆಸೆಯಿಂದಲೇ ಓದುತ್ತಾರೆ.

ಇಂಥ ಪುಸ್ತಕ ಕೈಗೆ ಸಿಕ್ಕರೆ ಕನ್ನಡಿಗನ ಕಣ್ಣು ಹುಡುಕುವುದು ಊರ ಹೆಸರುಗಳನ್ನು. ಜಮಖಂಡಿ, ರಾಮದುರ್ಗ, ನರಗುಂದ, ಶಿರಹಟ್ಟಿ, ತಾಳಿಕೋಟಿ, ಹುಬ್ಬಳ್ಳಿ. ಕೊಂಕಣದ ಕರಾವಳಿಯ ಯಾವುದೋ ತೆಂಗಿನ ತೋಟದಿಂದ ಹೊರಟ ಬಳ್ಳಿಯ ಕುಡಿಯೊಂದು ಮಲಪ್ರಭೆಯ ಎರೆ ಹೊಲಕ್ಕೆ ಬಂದು ಬೇರು ಬಿಟ್ಟದ್ದು ಅಲ್ಲಿ ಕಾಣುತ್ತದೆ. ಎರಡು ಮೂರು ತಲೆಮಾರಿನ ಬಳಿಕ ಹೆಸರುಗಳ ಧಾಟಿ ಬದಲಾಗುತ್ತದೆ, ಬೀಗರ ಊರುಗಳೂ ಬದಲಾಗುತ್ತವೆ.

ಈ ಕೊಂಕಣದವರು ಬಂದದ್ದು ಹೇಗೆ? ಬಹುತೇಕ ಒಂದೇ ಕುದುರೆಯ ಬಾಲ ಹಿಡಿದು. ರತ್ನಾಗಿರಿ ಸೀಮೆಯ ಕೋತವಡೆ ಗ್ರಾಮದ ಹರಭಟ್ಟ ಪಟವರ್ಧನ ಎಂಬ ವೈದಿಕ ಬ್ರಾಹ್ಮಣ ಇಚಲಕರಂಜಿಯ ದೊರೆಯ ಮನೆಯಲ್ಲಿ ಕುಲಪುರೋಹಿತನಾಗಿ ನಿಂತ. ಆ ದೊರೆಯ ಕಥೆಯೂ ಸ್ವಾರಸ್ಯದ್ದೇ. ಅವನ ಹೆಸರು ನಾರೋ ಮಹಾದೇವ, ಅಡ್ಡಹೆಸರು ಜೋಶಿ. ಸಂತಾಜಿ ಘೋರ್ಪಡೆಯ ಆಶ್ರಯದಲ್ಲಿ ಬೆಳೆದ ಋಣಕ್ಕೆ ಒಡೆಯನ ಅಡ್ಡಹೆಸರನ್ನೇ ತನ್ನದು ಮಾಡಿಕೊಂಡು ಘೋರ್ಪಡೆಯಾದ. ಅವನ ಮಗನಿಗೆ ಪೇಶ್ವೆ ಬಾಳಾಜಿ ವಿಶ್ವನಾಥನ ಮಗಳು ಅನುಬಾಯಿಯನ್ನು ಕೊಟ್ಟರು. ಪುರೋಹಿತನ ಮಕ್ಕಳಿಗೆ ಪುಣೆಯ ಬಾಗಿಲು ತೆರೆದದ್ದು ಹಾಗೆ. ಹರಭಟ್ಟರ ಮಕ್ಕಳು ಪಂಚಾಂಗ ಬಿಟ್ಟು ಕತ್ತಿ ಹಿಡಿದರು. ಹೈದರನನ್ನು ಕೃಷ್ಣೆ, ತುಂಗಭದ್ರೆಗಳ ಆಚೆ ತಡೆಯಲು ದಕ್ಷಿಣದಲ್ಲಿ ನೆಚ್ಚಿನ ದಂಡೊಂದು ಬೇಕಾಗಿತ್ತು. 1764ರಲ್ಲಿ ಪೇಶ್ವೆ ಮಾಧವರಾಯರು ಪಟವರ್ಧನರಿಗೆ ದೊಡ್ಡ ಸರಂಜಾಮು ಕೊಟ್ಟರು. ಅದರ ಹುಟ್ಟುವಳಿಯಲ್ಲಿ ಎಂಟು ಸಾವಿರ ಕುದುರೆ ಸವಾರರನ್ನು ಸಾಕಬೇಕೆಂಬುದು ಕರಾರು. ಮಿರಜ, ಸಾಂಗಲಿ, ಕುರುಂದವಾಡ, ಜಮಖಂಡಿ ಸಂಸ್ಥಾನಗಳೆಲ್ಲ ಆ ಒಬ್ಬ ಹರಭಟ್ಟನ ಸಂತತಿ ಹಂಚಿಕೊಂಡ ಪಾಲುಗಳು.

ದಂಡಿನ ಹಿಂದೆ ಕಾರಕೂನರು ಬಂದರು, ಲೇವಾದೇವಿಯವರು ಬಂದರು, ಪುರೋಹಿತರೂ ಅಡುಗೆಯವರೂ ಬಂದರು. ಮುಂದೆ ದಂಡು ಕರಗಿತು, ಇವರು ಇಲ್ಲೇ ಉಳಿದರು. ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಶಿರಹಟ್ಟಿಯಲ್ಲಿ ನೆಲೆಸಿದ್ದ ಇಂಥದ್ದೇ ಒಂದು ಮರಾಠಿ ಮನೆಮಾತಿನ ವೈದಿಕ ಕುಟುಂಬದ ಕುಡಿ ದ. ರಾ. ಬೇಂದ್ರೆ. ಅವರು ಕಾಲೇಜು ಓದಲು ಬಂದದ್ದು ಪುಣೆಯ ಫರ್ಗ್ಯುಸನ್ನಿಗೆ, ಕವಿತೆ ಬರೆದದ್ದು ಧಾರವಾಡದ ಮಾತಿನಲ್ಲಿ. ಕಿರ್ಲೋಸ್ಕರ ಮನೆತನದ್ದು ಇನ್ನೊಂದು ದಾರಿ. ಕೊಂಕಣದ ಕಿರ್ಲೋಶಿ ಗ್ರಾಮದಿಂದ ಅಡ್ಡಹೆಸರು ಪಡೆದು ಬೆಳಗಾವಿ ಸೀಮೆಯ ಗುರ್ಲಹೊಸೂರಿಗೆ ಬಂದರು. ಅಲ್ಲಿ ಹುಟ್ಟಿದ ಅಣ್ಣಾಸಾಹೇಬರು 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲ ಆಡಿಸಿದರು. ಅದೇ ಊರಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾಯರು ನೇಗಿಲು ಎರಕ ಹೊಯ್ದು ಕಾರಖಾನೆ ಕಟ್ಟಿದರು. ಹೀಗೆ ಕೊಂಕಣದಿಂದ ಕನ್ನಡ ನಾಡಿಗೂ ಅಲ್ಲಿಂದ ಮತ್ತೆ ಪುಣೆಗೂ ಸುತ್ತು ಹೊಡೆದ ಮನೆತನಗಳು ಹತ್ತಾರು.

ಬೇರೆ ನೆಲಕ್ಕೆ ಹೋಗಿ ನೆಲೆಸಿದವರ ಮೊಮ್ಮಕ್ಕಳಿಗೆ ವಂಶದ ಗೀಳು ಹೆಚ್ಚು. ಲೋಕದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದಲ್ಲಿ ಮೊದಮೊದಲು ನೆಲೆಸಿದ ಇಂಗ್ಲಿಷರ ವಂಶಸ್ಥರು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ 102 ಮಂದಿ ಹೋದರು, ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಸುಮಾರು ಅರ್ಧ ಜನ ಸತ್ತರು. ಉಳಿದವರ ಮುಖಂಡ ವಿಲಿಯಂ ಬ್ರಾಡ್‌ಫರ್ಡ್ ಮೂವತ್ತು ವರ್ಷದ ಬಳಿಕ ಕೂತು ಹಡಗಿನಲ್ಲಿ ಬಂದವರ ಪಟ್ಟಿ ಮಾಡಿದ. ಯಾರು ಸತ್ತರು, ಯಾರಿಗೆ ಎಷ್ಟು ಮಕ್ಕಳು ಮೊಮ್ಮಕ್ಕಳಾದರು ಎಂದೂ ಬರೆದಿಟ್ಟ. ಆ ಹಸ್ತಪ್ರತಿ ಕಳೆದುಹೋಗಿ, 1855ರಲ್ಲಿ ಲಂಡನ್ ಬಿಷಪ್ಪರ ಪುಸ್ತಕ ಭಂಡಾರದಲ್ಲಿ ಪತ್ತೆಯಾಗಿ, 1897ರಲ್ಲಿ ಮ್ಯಾಸಚೂಸೆಟ್ಸ್‌ಗೆ ಮರಳಿತು. ಮೇಫ್ಲವರ್ ವಂಶಸ್ಥರ ಸಂಘ ಹುಟ್ಟಿದ್ದೂ ಅದೇ 1897ರಲ್ಲಿ. ಇಟಲಿ, ಪೋಲೆಂಡ್ ಕಡೆಯಿಂದ ಹೊಸ ವಲಸಿಗರು ಹಡಗು ಹಡಗಾಗಿ ಬಂದಿಳಿಯುತ್ತಿದ್ದ ಕಾಲ ಅದು. ಮೊದಲು ಬಂದವರು ನಾವು ಎಂದು ಹೇಳಿಕೊಳ್ಳಬೇಕೆನಿಸಿದ್ದು ಆಗಲೇ.

ಅದೇ ವರ್ಷ ಇತ್ತ ಮಿರಜಿನ ಶಾಲಾ ಮಾಸ್ತರ ವಾಸುದೇವಶಾಸ್ತ್ರಿ ಖರೆ ಪಟವರ್ಧನರ ದಫ್ತರದ ಪತ್ರಗಳನ್ನು ‘ಐತಿಹಾಸಿಕ ಲೇಖಸಂಗ್ರಹ’ ಎಂಬ ಹೆಸರಿನಲ್ಲಿ ಅಚ್ಚು ಮಾಡಲು ತೊಡಗಿದರು. ಮ್ಯಾಸಚೂಸೆಟ್ಸ್‌ಗೂ ಮಿರಜಿಗೂ ಯಾವ ಸಂಬಂಧವೂ ಇಲ್ಲ, ಇದು ಕಾಕತಾಳೀಯ. ಆದರೂ ಎರಡೂ ಕಡೆ ಒಂದು ಕಾಲ ಹೋಗಿ ಇನ್ನೊಂದು ಕಾಲ ಬಂದಾಗಲೇ ಜನ ಅಜ್ಜಂದಿರ ಕಾಗದ ಬಿಚ್ಚತೊಡಗಿದ್ದರು.

ವಂಶಾವಳಿ ಎಂದರೆ ನೆನಪಿನ ಕೆಲಸ ಎಂದು ನಾವು ತಿಳಿದಿರುತ್ತೇವೆ. ಪುಣೆಯ ದಫ್ತರಗಳನ್ನು ನೋಡಿದವರು ಹಾಗೆ ಹೇಳಲಾರರು. ಅಲ್ಲಿರುವ ವಂಶಾವಳಿಗಳಲ್ಲಿ ಹೆಚ್ಚಿನವು ಯಾರೋ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರಗಳು. ಕೇಳಿದವನು ಸರಕಾರ, ಇಲ್ಲವೆ ನ್ಯಾಯ ಹೇಳುವ ಪಂಚರು. ಪ್ರಶ್ನೆ ಒಂದೇ: ಈ ಭೂಮಿ ನಿನಗೆ ಹೇಗೆ ಬಂತು?

ವತನದ ಜಗಳಗಳನ್ನೇ ನೋಡಿ. ಊರಿನ ಗೌಡಕಿ, ಕುಲಕರ್ಣಿಕಿ, ನಾಡಗೌಡಕಿ, ದೇಸಗತಿ ಎಲ್ಲ ವಂಶಪಾರಂಪರ್ಯದ ಹಕ್ಕುಗಳು. ಅದರ ಜೊತೆಗೆ ಇನಾಮು ಭೂಮಿ, ಹಬ್ಬದ ಮಾನ, ವೀಳ್ಯದಲ್ಲಿ ಮೊದಲ ಕೈ. ಇಬ್ಬರು ದಾಯಾದಿಗಳು ಅದಕ್ಕೆ ಕಾದಾಡಿದರೆ ಪ್ರತಿಯೊಬ್ಬನೂ ತನ್ನ ಮನೆತನದ ಹುಟ್ಟಿನಿಂದ ಹಿಡಿದು ಕಥೆ ಬರೆಸಿ ಸಭೆಗೆ ಒಪ್ಪಿಸಬೇಕಿತ್ತು. ಮರಾಠಿ ದಫ್ತರಗಳಲ್ಲಿ ಅದಕ್ಕೆ ಕರೀನಾ ಎನ್ನುತ್ತಾರೆ. ಎಷ್ಟೋ ಕರೀನಾಗಳು ದುರ್ಗಾದೇವಿ ಎಂಬ ಹಳೆಯ ಮಹಾಬರದಿಂದ ಆರಂಭವಾಗುತ್ತವೆ. ಊರು ಹಾಳಾಗಿತ್ತು, ನಮ್ಮ ಮೂಲಪುರುಷ ಬಂದು ಕಾಡು ಕಡಿದು ಊರು ಕಟ್ಟಿದ, ಬಾದಶಹ ಮೆಚ್ಚಿ ಗೌಡಕಿ ಕೊಟ್ಟ. ಆಮೇಲೆ ತಮ್ಮ ಅಣ್ಣನನ್ನು ಕೊಂದದ್ದು, ಬಸುರಿ ವಿಧವೆ ತವರಿಗೆ ಓಡಿಹೋಗಿ ಮಗನನ್ನು ಸಾಕಿದ್ದು, ಆ ಮಗ ದೊಡ್ಡವನಾಗಿ ಮರಳಿ ಬಂದು ಹಕ್ಕು ಕೇಳಿದ್ದು. ಎದುರು ಪಕ್ಷದ ಕರೀನಾದಲ್ಲಿ ಅದೇ ಹುಡುಗ ಯಾರ ಮಗನೋ ಗೊತ್ತಿಲ್ಲದವನು.

ಸಭೆ ಕೂಡುತ್ತಿತ್ತು. ಸುತ್ತಲಿನ ಊರುಗಳ ವತನದಾರರು, ಬಲುತೆಯ ಕಸುಬಿನವರು ಸಾಕ್ಷಿ. ತೀರ್ಪಿನ ಮಹಜರಿನ ಕೊನೆಗೆ ಗೌಡ ನೇಗಿಲಿನ ಚಿತ್ರ ಬರೆಯುತ್ತಿದ್ದ, ಬಡಿಗ ತನ್ನ ಉಳಿಯನ್ನು, ಉಳಿದವರು ಅವರವರ ಕಸುಬಿನ ಸಲಕರಣೆಯನ್ನು. ಅಮೆರಿಕದಲ್ಲೂ ಇಂಗ್ಲಿಷರಿಗೆ ಭೂಮಿ ಬರೆದುಕೊಟ್ಟ ಮೂಲನಿವಾಸಿಗಳು ಪತ್ರದ ಕೆಳಗೆ ಇಂಥದ್ದೇ ಚಿತ್ರಗುರುತು ಹಾಕಿದ್ದಾರೆ. ಹಡಗಿನಲ್ಲಿ ಬಂದವರ ಹದಿನಾಲ್ಕನೆಯ ತಲೆಮಾರಿನವರೆಗೂ ಹೆಸರು ಸಿಗುತ್ತದೆ, ನೆಲದವರದು ಎಷ್ಟೋ ಸಲ ಆ ಗುರುತಷ್ಟೇ. ಮಾತಿನಿಂದ ನಮ್ಮ ವ್ಯಾಜ್ಯ ಬಗೆಹರಿಯದಿದ್ದರೆ ದಿವ್ಯ ಇತ್ತು. ಕುದಿಯುವ ಎಣ್ಣೆ ತುಪ್ಪದಿಂದ ಲೋಹದ ತುಂಡನ್ನು ಬರಿಗೈಯಲ್ಲಿ ಎತ್ತಬೇಕು. ಕೈಗೆ ಚೀಲ ಕಟ್ಟಿ ಮೊಹರು ಹಾಕಿ, ಕೆಲವು ದಿನದ ಬಳಿಕ ಬಿಚ್ಚಿ ನೋಡುತ್ತಿದ್ದರು. ಬೊಬ್ಬೆ ಎದ್ದಿರದಿದ್ದರೆ ಅವನ ವಂಶಾವಳಿಯೇ ನಿಜ!

ಪೇಶ್ವೆ ಹೋದ ಮೇಲೆ ಇದೇ ಪ್ರಶ್ನೆಯನ್ನು ಕಂಪನಿ ಸರಕಾರ ಕೇಳಿತು. ಅದು ಇನಾಮು ತನಿಖೆ ಶುರು ಮಾಡಿದ್ದು ನಮ್ಮ ಕಡೆಯಿಂದಲೇ, 1843ರಲ್ಲಿ, ದಕ್ಷಿಣ ಮರಾಠಾ ಸೀಮೆ ಎಂದು ಅವರು ಕರೆಯುತ್ತಿದ್ದ ಧಾರವಾಡ, ಬೆಳಗಾವಿ ಪ್ರಾಂತದಲ್ಲಿ. 1852ರ ಹನ್ನೊಂದನೆಯ ಕಾಯ್ದೆ ಬಂದ ಮೇಲೆ ಇನಾಮ್ ಕಮಿಷನ್ನಿನ ಕೈ ಬಲವಾಯಿತು. ಸನದು ತೋರಿಸು, ಮೂಲ ಪಡೆದವನಿಂದ ನಿನ್ನವರೆಗೆ ತಲೆಮಾರು ತೋರಿಸು, ನಡುವೆ ದತ್ತಕ ಇದ್ದರೆ ಯಾರ ಅಪ್ಪಣೆಯಿಂದ ಎಂದು ತೋರಿಸು. ತೋರಿಸಲಾಗದ ಸಾವಿರಾರು ಇನಾಮುಗಳು ಹೋದವು. ದತ್ತಕದ ಪ್ರಶ್ನೆ ಎಷ್ಟು ಸುಡುವ ಪ್ರಶ್ನೆಯೆಂಬುದನ್ನು 1824ರಲ್ಲೇ ಕಿತ್ತೂರು ಕಂಡಿತ್ತು. ನರಗುಂದದ ಭಾಸ್ಕರರಾವ್ ಭಾವೆಗೆ ದತ್ತಕ ತೆಗೆದುಕೊಳ್ಳಲು ಒಪ್ಪಿಗೆ ಸಿಗಲಿಲ್ಲ. 1858ರಲ್ಲಿ ಅವರು ಬಂಡೆದ್ದರು, ಬೆಳಗಾವಿಯಲ್ಲಿ ಗಲ್ಲಿಗೇರಿದರು.

ಆ ತನಿಖೆಗೆ ಊರೂರಿನವರು ಬರೆದುಕೊಟ್ಟ ಕೈಫಿಯತ್ತು, ವಂಶಾವಳಿಗಳು ಪೇಶ್ವೆಯ ಹಳೆಯ ಲೆಕ್ಕಪತ್ರಗಳ ಜೊತೆ ಇಂದು ಪುಣೆಯ ಪುರಾಭಿಲೇಖಾಗಾರದಲ್ಲಿವೆ. ಕೌನ್ಸಿಲ್ ಹಾಲಿಗೆ ಹತ್ತಿರದ ಆ ಕಲ್ಲಿನ ಕಟ್ಟಡವನ್ನು ಊರವರು ಪೇಶ್ವೆ ದಫ್ತರ ಎಂದೇ ಕರೆಯುತ್ತಾರೆ. ಬಟ್ಟೆಯಲ್ಲಿ ಕಟ್ಟಿದ ರುಮಾಲುಗಳು ಸಾವಿರಗಟ್ಟಲೆ, ಕಾಗದಗಳು ಕೋಟಿಗಟ್ಟಲೆ. ಗೋ. ಸ. ಸರದೇಸಾಯಿ 1930ರ ದಶಕದ ಮೊದಲ ವರ್ಷಗಳಲ್ಲಿ ಆರಿಸಿ ಅಚ್ಚು ಹಾಕಿಸಿದ 45 ಸಂಪುಟಗಳು ಅದರ ಅಂಚನ್ನು ಮುಟ್ಟಿದವು ಅಷ್ಟೆ. ಅವರಿಗೆ ಬೇಕಾಗಿದ್ದದ್ದು ಪಾಣಿಪತ್ತು, ರಾಘೋಬ, ನಾನಾ ಫಡ್ನವೀಸ. ರೋಣ ತಾಲೂಕಿನ ಯಾವುದೋ ಹಳ್ಳಿಯ ಕುಲಕರ್ಣಿಯ ಜಗಳ ಅವರಿಗೇಕೆ ಬೇಕು?

ಬೇಕಾಗಿರುವುದು ನಮಗೆ. ಉತ್ತರ ಕರ್ನಾಟಕದ ಎಷ್ಟೋ ಮನೆತನಗಳ ಹದಿನೆಂಟನೆಯ ಶತಮಾನ ಇರುವುದು ಪುಣೆಯಲ್ಲಿ, ಅದೂ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ. ಅದು ಪೆನ್ನೆತ್ತದೆ ಬರೆಯುವ ಬರವಣಿಗೆ. ಹ್ರಸ್ವ ದೀರ್ಘದ ಕಟ್ಟುನಿಟ್ಟಿಲ್ಲ, ಪದಗಳ ನಡುವೆ ಜಾಗ ಬಿಡುವ ಪದ್ಧತಿ ಇಲ್ಲ. ಧಾರವಾಡ ಸೀಮೆಯಲ್ಲಿ ಕಚೇರಿ, ಶಾಲೆಗಳಲ್ಲಿ ಮರಾಠಿಯ ಕಾಲವನ್ನು ಮುಗಿಸಲು ಡೆಪ್ಯುಟಿ ಚನ್ನಬಸಪ್ಪನವರಂಥವರು ಹೆಣಗಿದರು. ಅದು ಸರಿಯಾದ ಕೆಲಸವೇ. ಅದರ ಒಂದು ಫಲವೆಂದರೆ, ಅಟ್ಟದ ಮೇಲಿನ ಗಂಟಿನ ಕಾಗದ ಓದಬಲ್ಲವರು ಮನೆಯಲ್ಲಿ ಉಳಿಯಲಿಲ್ಲ. ಓದಬೇಕೆಂದವರಿಗೆ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳ ಮೋಡಿ ಕಲಿಸುತ್ತದೆ. ಮನೆಮನೆಯ ಅಟ್ಟ ಹತ್ತಿ ದಫ್ತರ ಕೂಡಿಸಿದ ವಿ. ಕಾ. ರಾಜವಾಡೆ 1910ರಲ್ಲಿ ಕಟ್ಟಿದ ಸಂಸ್ಥೆ ಅದು. ಇನ್ನೊಂದು ಮಾತು. ಸರಕಾರಿ ದಫ್ತರದಲ್ಲಿ ಅಡ್ಡಹೆಸರು ಹಿಡಿದು ಹುಡುಕಿದರೆ ಏನೂ ಸಿಗದು. ಪ್ರಾಂತ, ಪರಗಣ, ಗ್ರಾಮದ ಹೆಸರು ಹಿಡಿಯಬೇಕು. ಅಡ್ಡಹೆಸರು ಬದಲಾಗುತ್ತಿತ್ತು: ಜೋಶಿ ಘೋರ್ಪಡೆಯಾದದ್ದನ್ನು ಮೇಲೆ ನೋಡಿದೆವು. ತಾಳಿಕೋಟಿಯನ್ನು ಆಳಿದ ರಾಸ್ತೆಯವರೂ ಮೂಲದಲ್ಲಿ ಗೋಖಲೆಗಳೇ.

ಇಷ್ಟೂ ಭೂಮಿ, ಬರಹ ಇದ್ದವರ ಮಾತಾಯಿತು. ಒಕ್ಕಲು ಮನೆಗಳಿಗೆ ಹೆಳವರಿದ್ದಾರೆ. ಘಂಟೆ ಕಟ್ಟಿದ ಎತ್ತು ಹೊಡೆದುಕೊಂಡು, ಸುಗ್ಗಿ ಮುಗಿದ ಮೇಲೆ, ಕೆಲವು ವರ್ಷಕ್ಕೊಮ್ಮೆ ಬಾಗಿಲಿಗೆ ಬರುತ್ತಾರೆ. ಬೆಡಗು ಹೇಳಿ, ಮೂಲ ಊರು ಹೇಳಿ, ಮುತ್ತಜ್ಜನಿಂದ ಹಿಡಿದು ಹೆಸರುಗಳನ್ನು ರಾಗವಾಗಿ ಹಾಡುತ್ತಾ ಬರುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಕೇಳಿ ಪುಸ್ತಕಕ್ಕೆ ಸೇರಿಸುತ್ತಾರೆ. ಕಾಳು, ಬಟ್ಟೆ, ದುಡ್ಡು ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಸಾಂಗಲಿ, ಕೊಲ್ಲಾಪುರ, ಸೊಲ್ಲಾಪುರದ ಕಡೆ ಇವರೇ ಹೇಳವಿಗಳು. ಗಡಿ ಅವರ ಸುತ್ತಾಟವನ್ನು ತಡೆದಿಲ್ಲ. ಈಗೀಗ ಎತ್ತಿನ ಜಾಗಕ್ಕೆ ಟೆಂಪೋ ಬಂದಿದೆ, ಅಷ್ಟೆ. ತೀರ್ಥಕ್ಷೇತ್ರದ ಪಂಡಾಗಳ ವಹಿಗಳದ್ದೂ ಇದೇ ಜಾತಿ: ನಾಶಿಕದಲ್ಲಿ ಊರು, ಮನೆತನ ಹೇಳಿದರೆ ಅಜ್ಜ ಬಂದು ಪಿಂಡ ಬಿಟ್ಟ ವರ್ಷ ಸಿಗುತ್ತದೆ. ಹರಿದ್ವಾರದ ಇಂಥ ವಹಿಗಳನ್ನು ಅಮೆರಿಕದ ಯೂಟಾದ ಮಾರ್ಮನ್ ಪಂಥದ ವಂಶಾವಳಿ ಸಂಸ್ಥೆ ಮೈಕ್ರೋಫಿಲ್ಮ್ ಮಾಡಿಕೊಂಡು ಹೋಗಿದೆ. ಇಂಗ್ಲೆಂಡಿನ ಚರ್ಚುಗಳ ನಾಮಕರಣ, ಮದುವೆ, ಮಣ್ಣಿನ ದಾಖಲೆಗಳನ್ನು ಸೆರೆಹಿಡಿದದ್ದೂ ಅದೇ ಸಂಸ್ಥೆ.

ಹೆಳವರ ಪುಸ್ತಕವನ್ನೂ ಕಣ್ಣುಮುಚ್ಚಿ ನಂಬಲಾಗದು. ಹಾಡುವವನಿಗೆ ಕಾಳು ಬೇಕು, ಕೇಳುವವನಿಗೆ ದೊಡ್ಡ ಮೂಲ ಬೇಕು. ದೊಡ್ಡ ಮೂಲದ ಆಸೆಗೆ ರಾಜರೂ ಹೊರತಲ್ಲ. 1674ರಲ್ಲಿ ಶಿವಾಜಿಯ ಪಟ್ಟಾಭಿಷೇಕಕ್ಕೆ ಮುಂಚೆ ಭೋಸಲೆಯವರನ್ನು ಉದಯಪುರದ ಸಿಸೋದಿಯರಿಗೆ ಜೋಡಿಸುವ ವಂಶಾವಳಿ ಬೇಕಾಯಿತು, ಕಾಶಿಯ ಗಾಗಾಭಟ್ಟರು ಒಪ್ಪಿದರು. ನಮ್ಮ ಮುಧೋಳದ ಘೋರ್ಪಡೆ ದೊರೆಗಳೂ ಅದೇ ಸಿಸೋದಿಯ ಮೂಲ ಹೇಳುತ್ತಿದ್ದರು. ಅವರು ತೋರಿಸಿದ ಫಾರ್ಸಿ ಫರ್ಮಾನುಗಳು ಅಸಲಿಯೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ದೊಡ್ಡ ವಾದ ನಡೆಯಿತು. ಪುಣೆಯಲ್ಲೇ ಬಾಳಿದ ದೊಡ್ಡ ವಿದ್ವಾಂಸ ರಾ. ಚಿಂ. ಢೇರೆ ಶಿಖರ ಶಿಂಗಣಾಪುರದ ಶಂಭು ಮಹಾದೇವನ ಜಾಡು ಹಿಡಿದು ಹೋಗಿ ಬೇರೆಯದೇ ಮಾತು ಹೇಳಿದರು: ಗದಗ ಸೀಮೆಯ ಸೊರಟೂರಿನಿಂದ ಸಾತಾರೆಯ ಕಡೆಗೆ ವಲಸೆ ಹೋದ ಬಳಿಯಪ್ಪನೆಂಬ ಯಾದವ ಕುಲದವನು ಭೋಸಲೆಯವರ ಮೂಲಪುರುಷ ಎಂದು. ಈ ವಾದ ಎಲ್ಲರಿಗೂ ಒಪ್ಪಿಗೆಯಾಗಿಲ್ಲ. ಕನ್ನಡದ ಅಭಿಮಾನಿಗಳಾದ ನಾವು ಇದನ್ನು ಕೇಳಿ ಒಂದೇ ಸಲಕ್ಕೆ ಕುಣಿದಾಡುವುದನ್ನು ನೋಡಿದರೆ, ಉದಯಪುರದ ಆಸೆಗೂ ನಮ್ಮ ಆಸೆಗೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಅಮೆರಿಕದಲ್ಲಿ ಈ ಆಸೆಯೇ ಒಂದು ವ್ಯಾಪಾರವಾಗಿತ್ತು. ಸ್ವೀಡನ್ನಿನಲ್ಲಿ ಖೋಟಾ ಕೇಸಿಗೆ ಜೈಲು ಕಂಡು ಬಂದಿದ್ದ ಗುಸ್ತಾವ್ ಆಂಜು ಎಂಬವನು ಹಣವಂತರಿಗೆ ಇಂಗ್ಲೆಂಡಿನ ಸರದಾರರ ವಂಶ ಹೊಸೆದು ಮಾರಿ ಸುಖವಾಗಿ ಬದುಕಿದ. ಅವನ ಸುಳ್ಳುಗಳನ್ನು ಕೀಳುವ ಕೆಲಸ ಈಗಲೂ ನಡೆದಿದೆ. ಅಲ್ಲಿನ ಸಂಘಗಳು ಒಂದೊಂದು ತಲೆಮಾರಿನ ಕೊಂಡಿಗೂ ದಾಖಲೆ ಕೇಳುವ ಕಟ್ಟುನಿಟ್ಟಿಗೆ ಇಂಥವರೂ ಒಂದು ಕಾರಣ. ನಮ್ಮ ಕುಲವೃತ್ತಾಂತಗಳಲ್ಲಿ ಮಾತ್ರ ಹಿರಿಯರು ಬರೆದು ಕಳಿಸಿದ ಪತ್ರವೇ ಎಷ್ಟೋ ಕಡೆ ಪ್ರಮಾಣ.

ವಂಶಾವಳಿ ಕೇಳುವ ಸರಕಾರ ಈಗಲೂ ಇದೆ. 2023ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸರಕಾರ ಮರಾಠರ ಕುಣಬಿ ದಾಖಲೆ ಹುಡುಕಲು ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ನೇಮಿಸಿತು. ಅಜ್ಜನ ಹೆಸರಿನ ಪಕ್ಕ ಕುಣಬಿ, ಅಂದರೆ ಒಕ್ಕಲು ಜಾತಿ, ಎಂದಿದ್ದರೆ ಮೀಸಲಾತಿ. ಒಮ್ಮೆಗೇ ತಹಸೀಲ ಕಚೇರಿಗಳಲ್ಲಿ ಮೋಡಿ ಓದುವವರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ರಾಜಪುತ್ರರ ಮೂಲ ಹೇಳುತ್ತಿದ್ದ ಮನೆಗಳೂ ಈಗ ಒಕ್ಕಲುತನದ ಪುರಾವೆ ಹುಡುಕುತ್ತಿವೆ. ಇದನ್ನು ಕಂಡು ನಗುವವರಿದ್ದಾರೆ, ನನಗೆ ನಗು ಬರುವುದಿಲ್ಲ. ಕೇಳುವವನು ಬದಲಾದಾಗ ಉತ್ತರವೂ ಬದಲಾಗುತ್ತದೆ, ಎರಡೂ ಉತ್ತರಕ್ಕೆ ಮನೆಯಲ್ಲಿ ಕಾಗದ ಇರಬಹುದು. ನಮ್ಮ ಕಡೆ ನಾಡಕಚೇರಿಯಲ್ಲಿ ವಂಶವೃಕ್ಷ ಪ್ರಮಾಣಪತ್ರ ಕೊಡುತ್ತಾರೆ. ತಂದೆ ತೀರಿದ ಮೇಲೆ ಪೌತಿ ಖಾತೆಗೆ ಅದು ಬೇಕೇ ಬೇಕು. ಅದಕ್ಕೆ ಅರ್ಜಿ ಹಾಕಿದವರಿಗೆ ಭೈರಪ್ಪನವರ ‘ವಂಶವೃಕ್ಷ’ದ ಶ್ರೋತ್ರಿಗಳಿಗೆ ಬಂದ ತಾತ್ತ್ವಿಕ ಸಂಕಟವೇನೂ ಬರುವುದಿಲ್ಲ. ತಲಾಟಿ ಯಾವಾಗ ಸಿಗುತ್ತಾನೆ ಎಂಬುದಷ್ಟೇ ಚಿಂತೆ.

ಆ ಪ್ರಮಾಣಪತ್ರದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಈಗ ಬಿಡುವಂತಿಲ್ಲ. 1994ರ ಕರ್ನಾಟಕ ತಿದ್ದುಪಡಿ, ಆಮೇಲೆ 2005ರ ಕೇಂದ್ರದ ತಿದ್ದುಪಡಿ ಅವರಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟವು. ಪಾಲು ಬಂದ ಹಿಂದೆಯೇ ಹೆಸರೂ ಬಂತು. ಹಳೆಯ ವತನದ ವಂಶಾವಳಿಗಳಲ್ಲಿ ಹೆಣ್ಣು ಹೆಸರು ಅಪರೂಪ. ಕುಲವೃತ್ತಾಂತಗಳಲ್ಲಿ ಹೆಂಡತಿಯ ಹೆಸರಿದೆ, ಆದರೆ ಅದು ಮದುವೆಯಲ್ಲಿ ಅಕ್ಕಿಯ ಮೇಲೆ ಬರೆದು ಇಟ್ಟ ಹೆಸರು. ತವರಿನ ಪುಸ್ತಕದಲ್ಲಿ ಆಕೆ ಇನ್ನೊಂದು ಹೆಸರಿನಲ್ಲಿದ್ದಾಳೆ, ಅಥವಾ ಇಲ್ಲವೇ ಇಲ್ಲ. ಎರಡು ಮನೆತನದ ಗ್ರಂಥ ಪಕ್ಕಪಕ್ಕ ಇಟ್ಟರೂ ಒಬ್ಬಳನ್ನೇ ಇಬ್ಬರೆಂದು ಓದಿಬಿಡಬಹುದು.

ಹೆಂಗಸರನ್ನು ಹುಡುಕಬೇಕಾದದ್ದು ಬೇರೆ ಕಾಗದದಲ್ಲಿ. ಮೇಫ್ಲವರಿನವರು ನೆಲೆಸಿದ ಪ್ಲಿಮತ್ ವಸಾಹತಿನಲ್ಲಿ ಗಂಡ ಸತ್ತಾಗ ವಿಧವೆಗೆ ಆಸ್ತಿಯಲ್ಲಿ ಮೂರನೆಯ ಒಂದು ಭಾಗದ ಹಕ್ಕಿತ್ತು. ಆಸ್ತಿಯ ಇತ್ಯರ್ಥಕ್ಕೆ ಮನೆಯ ಹಾಸಿಗೆ, ಪಾತ್ರೆ, ಹಸುಗಳ ಪಟ್ಟಿ ಮಾಡುತ್ತಿದ್ದರು. ಅಲ್ಲಿನ ಸಂಶೋಧಕರು ಹೆಂಗಸರ ಜಾಡು ಹಿಡಿಯಲು ಆ ಪಟ್ಟಿಗಳನ್ನು ಓದುತ್ತಾರೆ. ನಮ್ಮಲ್ಲಿ ಅದಕ್ಕೆ ಸಮನಾದದ್ದು ಪೋಟಗಿಯ, ಅಂದರೆ ಜೀವನಾಂಶದ, ಅರ್ಜಿಗಳು. ಗಂಡ ಸತ್ತ, ಮೈದುನ ಮನೆಯಿಂದ ಹೊರಗೆ ಹಾಕಿದ, ವರ್ಷಕ್ಕೆ ಇಷ್ಟು ಜೋಳ, ಇಷ್ಟು ಸೀರೆ, ಇರಲು ಒಂದು ಕೋಣೆ ಬೇಕು ಎಂದು ವಿಧವೆ ಸರಕಾರಕ್ಕೆ ಬರೆಸಿದ ಕಾಗದ. ಅಂಥ ಅರ್ಜಿಯಲ್ಲಿ ತಾನು ಯಾರ ಮಗಳು, ಯಾವ ಊರಿನವಳು, ಎಷ್ಟು ಮಕ್ಕಳಾಗಿ ಎಷ್ಟು ಉಳಿದವು ಎಂಬುದೆಲ್ಲ ಬರುತ್ತದೆ, ಯಾಕೆಂದರೆ ಅದೇ ಆಕೆಯ ಹಕ್ಕಿನ ಆಧಾರ. ಅದರ ಬೆನ್ನಿಗೇ ಮೈದುನನ ಜವಾಬು ಇರುತ್ತದೆ. ಅದನ್ನೂ ಬಿಡದೆ ಓದಬೇಕು. ಮನೆತನದವರು ಅಚ್ಚು ಹಾಕಿಸಿದ ಗ್ರಂಥದಲ್ಲಿ ಈ ಜಗಳ ಇರುವುದಿಲ್ಲ, ದಫ್ತರದ ರುಮಾಲಿನಲ್ಲಿ ಇಬ್ಬರ ಕಾಗದವೂ ಒಟ್ಟಿಗೇ ಕಟ್ಟಿರುತ್ತದೆ.